ನಾನೂ ನನ್ನ ಕಪೋತಾಸನವೂ

ಎಳನೀರು ಮಾರುವವರ ಮನೆಯ ಹುಡುಗನಿಗೆ ಯೋಗದ ಗೀಳು ಹೇಗೆ ಹತ್ತಿತು ಎಂದು ನನ್ನ ತರಗತಿಯ ಗೆಳೆಯರು ಆಗಾಗ ಕೇಳುವುದುಂಟು. ಗೀಳು ಹತ್ತಿದ ಬಗೆಯನ್ನು ಹೇಳುವುದು ಕಷ್ಟವಲ್ಲ. ಅದು ನನ್ನನ್ನು ಎಲ್ಲಿಯವರೆಗೆ ಎಳೆದುಕೊಂಡು ಹೋಯಿತು, ಅಲ್ಲಿಂದ ನಾನು ಸೊಂಟ ಹಿಡಿದುಕೊಂಡು ಹೇಗೆ ಹಿಂದಿರುಗಿದೆ ಎಂಬುದನ್ನು ಹೇಳುವಾಗ ಮಾತ್ರ ನಾಲಗೆ ತಡವರಿಸುತ್ತದೆ. ನಮ್ಮ ಕನ್ನಡದ ಮೇಷ್ಟ್ರು, "ಬಾಯಲ್ಲಿ ಹೇಳಲಾರದ್ದನ್ನು ಬರೆದುಕೊಡು, ವಾರ್ಷಿಕ ಸಂಚಿಕೆಯಲ್ಲಿ ಹಾಕೋಣ" ಎಂದರು. ಬರೆಯುತ್ತಿದ್ದೇನೆ. ಯೋಗದಲ್ಲಿ ನುರಿತವರು ಓದಿದರೆ ನಗಬಹುದು, ನಗಲಿ.

ನಮ್ಮ ತಂದೆ ಮದ್ದೂರಿನ ಕಡೆಯವರು. ಮೈಸೂರಿನ ಗೋಕುಲಂ ಬಡಾವಣೆಯ ಒಂದು ತಿರುವಿನಲ್ಲಿ, ಹೊಂಗೆಯ ಮರದ ಕೆಳಗೆ, ಅವರು ಎಳನೀರಿನ ರಾಶಿ ಹಾಕಿಕೊಂಡು ಕುಳಿತು ಇಪ್ಪತ್ತು ವರ್ಷ ದಾಟಿತು. ಬೇರೆ ಕಡೆ ಎಳನೀರಿಗೆ ಬಿಸಿಲೇರಿದ ಮೇಲೆ ಗಿರಾಕಿ. ಗೋಕುಲದಲ್ಲಿ ಹಾಗಲ್ಲ. ಬೆಳಗಿನ ಆರು ಗಂಟೆಗೆ, ಇಬ್ಬನಿ ಆರುವ ಮೊದಲೇ, ಕೆರೆಯಲ್ಲಿ ಮುಳುಗಿ ಎದ್ದವರಂತೆ ಬೆವರಿನಲ್ಲಿ ತೊಯ್ದ ಪರದೇಶೀಯರು ಚಾಪೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಬಂದು ನಿಲ್ಲುತ್ತಾರೆ. ರಷ್ಯದವರು, ಜಪಾನಿನವರು, ಬ್ರೆಜಿಲಿನವರು, ಎಲ್ಲಿಯವರೋ! ನಮ್ಮ ತಂದೆ ಇಂಗ್ಲಿಷಿನ ಒಂದು ಅಕ್ಷರವನ್ನೂ ಕಲಿತವರಲ್ಲ. "ವಾಟರ್? ಗಂಜಿ?" ಎಂಬ ಎರಡೇ ಮಾತಿನಲ್ಲಿ ಅವರು ಭೂಮಂಡಲದ ಜೊತೆಗೆಲ್ಲ ವ್ಯಾಪಾರ ಮುಗಿಸುತ್ತಾರೆ.

ಶಾಲೆಗೆ ಹೊರಡುವ ಮೊದಲು ಚಿಲ್ಲರೆ ಎಣಿಸಿ ಕೊಡುವ ಕೆಲಸ ನನ್ನದಾಗಿತ್ತು. ಹಾಗೆ ನಿಂತಾಗ ಅವರ ಮಾತು ಕಿವಿಗೆ ಬೀಳುತ್ತಿತ್ತು. "ಆಕೆ ಇನ್ನೂ ಮಾರೀಚಿಯಲ್ಲೇ ಇದ್ದಾಳೆ." "ಅವನಿಗೆ ನಿನ್ನೆ ಪಾಶಾಸನ ಸಿಕ್ಕಿತಂತೆ." "ನಾನು ಎರಡು ವರ್ಷದಿಂದ ಕಪೋತದಲ್ಲಿ ಕೊಳೆಯುತ್ತಿದ್ದೇನೆ." ಕಪೋತವೆಂದರೆ ಅವರ ಕಡೆಯ ಯಾವುದೋ ಊರು, ಅಲ್ಲಿಗೆ ರೈಲು ಸರಿಯಾಗಿ ಹೋಗುವುದಿಲ್ಲ ಎಂದು ನಾನು ಬಹುಕಾಲ ತಿಳಿದಿದ್ದೆ. ಆಮೇಲೆ ತಿಳಿಯಿತು, ಅದು ನಮ್ಮದೇ ಪಾರಿವಾಳ, ನಮ್ಮದೇ ಮಾತು. ಇಷ್ಟು ದೂರದಿಂದ ಬಂದವರು ನಮ್ಮ ಬೀದಿಯಲ್ಲಿ ನಿಂತು ನಮ್ಮ ಮಾತನ್ನೇ ನಮಗೆ ತಿಳಿಯದಂತೆ ಆಡುತ್ತಿದ್ದಾರಲ್ಲ ಎಂದು ನಾಚಿಕೆಯೂ ಆಯಿತು.

ಈ ವಿದ್ಯೆಯ ವಿಚಾರವನ್ನು ಒಂದಿಷ್ಟು ಹೇಳದೆ ಮುಂದೆ ಹೋಗಲಾಗದು. ಪತಂಜಲಿ ಹೇಳಿದ ಯಮ ನಿಯಮ ಮೊದಲಾದ ಎಂಟು ಅಂಗಗಳಿಗೆ ಅಷ್ಟಾಂಗಯೋಗವೆಂದು ಹೆಸರಿರುವುದು ಎಲ್ಲರಿಗೂ ಗೊತ್ತು. ಆದರೆ ಇಂದು ಲೋಕದ ನಾನಾ ಊರುಗಳಲ್ಲಿ 'ಅಷ್ಟಾಂಗ' ಎಂದರೆ ಜನ ತಿಳಿಯುವುದು ಮೈಸೂರಿನಲ್ಲಿ ರೂಪುಗೊಂಡ ಒಂದು ಅಭ್ಯಾಸಕ್ರಮವನ್ನು. ಅದರ ಬೇರು ಜಗನ್ಮೋಹನ ಅರಮನೆಯಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅಲ್ಲಿ ಯೋಗಶಾಲೆ ನಡೆಸತೊಡಗಿದರು. ಅವರು 1934ರಲ್ಲಿ 'ಯೋಗ ಮಕರಂದ', 1941ರಲ್ಲಿ 'ಯೋಗಾಸನಗಳು' ಎಂಬ ಪುಸ್ತಕಗಳನ್ನು ಬರೆದರು, ಎರಡೂ ಕನ್ನಡದಲ್ಲಿ. ಎರಡನೆಯದರಲ್ಲಿ ಒಂದು ಕೋಷ್ಟಕವಿದೆ. ಆಸನಗಳನ್ನು ಮೊದಲ ಮೆಟ್ಟಿಲಿನವು, ನಡುವಿನವು, ನುರಿತವರವು ಎಂದು ಮೂರಾಗಿ ಅಲ್ಲಿ ವಿಂಗಡಿಸಿದ್ದಾರೆ. ಇಂದು ಲೋಕವೆಲ್ಲ 'ಇಂಟರ್‌ಮೀಡಿಯೆಟ್' ಎಂದು ಕರೆಯುವುದು ಆ ನಡುವಿನ ವರ್ಗದ ಬಳಗವೇ.

ಕೃಷ್ಣಮಾಚಾರ್ಯರ ಶಿಷ್ಯರಲ್ಲಿ ಒಬ್ಬರು ಹಾಸನದ ಬಳಿಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರು 1948ರಲ್ಲಿ ಲಕ್ಷ್ಮೀಪುರದ ಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಅವರ 'ಯೋಗಮಾಲಾ' 1962ರಲ್ಲಿ ಕನ್ನಡದಲ್ಲೇ ಅಚ್ಚಾಯಿತು. ಅದರ ಇಂಗ್ಲಿಷ್ ಅನುವಾದ ಹೊರಬರಲು 1999ರವರೆಗೆ ಕಾಯಬೇಕಾಯಿತು. 1964ರಲ್ಲಿ ಬೆಲ್ಜಿಯಮ್ಮಿನ ಆಂದ್ರೆ ವಾನ್ ಲಿಸೆಬೆತ್ ಎಂಬವರು ಬಂದು ಕಲಿತು ಹೋದರು. 1975ರಲ್ಲಿ ಜೋಯಿಸರೇ ಕ್ಯಾಲಿಫೋರ್ನಿಯಕ್ಕೆ ಹೋಗಿ ಬಂದರು. ಆಮೇಲೆ ಜನ ಬರುವುದು ನಿಲ್ಲಲಿಲ್ಲ. ಲಕ್ಷ್ಮೀಪುರದ ಪುಟ್ಟ ಕೊಠಡಿ ಸಾಲದೆ 2002ರಲ್ಲಿ ಗೋಕುಲದಲ್ಲಿ ದೊಡ್ಡ ಶಾಲೆ ತೆರೆದದ್ದರಿಂದಲೇ ನಮ್ಮ ತಂದೆಯ ರಾಶಿ ಹೊಂಗೆಯ ಮರದ ಕೆಳಗೆ ಬಂದಿತು. ಜೋಯಿಸರು 2009ರಲ್ಲಿ ತೀರಿಕೊಂಡರು. ಆಸನ ತಿದ್ದುವ ನೆಪದಲ್ಲಿ ಅವರು ತಮ್ಮ ಮೈಯನ್ನು ಅನುಚಿತವಾಗಿ ಮುಟ್ಟಿದರೆಂದು ಅವರ ಹಲವು ಶಿಷ್ಯೆಯರು 2017ರ ಬಳಿಕ ಬಹಿರಂಗವಾಗಿ ಹೇಳಿದ್ದಾರೆ. ಅವರ ಮೊಮ್ಮಗ ಶರತ್ ಜೋಯಿಸರು 2019ರಲ್ಲಿ ಆ ನೋವಿಗಾಗಿ ಕ್ಷಮೆ ಕೇಳಿದರು. ಗೋಕುಲದ ಕಥೆ ಹೇಳುವವನು ಇದನ್ನು ನುಂಗಿಕೊಂಡು ಹೇಳಬಾರದೆಂದು ನನಗೆ ತೋರುತ್ತದೆ.

ಈ ಕ್ರಮದಲ್ಲಿ ಮೊದಲ ಸರಣಿಗೆ ಯೋಗಚಿಕಿತ್ಸೆ ಎಂದು ಹೆಸರು, ಎರಡನೆಯದಕ್ಕೆ ನಾಡೀಶೋಧನ. ಮೂಗಿನ ಹೊಳ್ಳೆ ಬದಲಿಸಿ ಮಾಡುವ ಪ್ರಾಣಾಯಾಮಕ್ಕೂ ನಾಡೀಶೋಧನವೆಂಬ ಹೆಸರೇ ಇದೆ. ಅದು ಬೇರೆ, ಇದು ಬೇರೆ. ಇಲ್ಲಿಯ ಮುಖ್ಯ ಕಟ್ಟಳೆಯೊಂದನ್ನು ಹೇಳಿಬಿಟ್ಟರೆ ಮುಂದಿನದೆಲ್ಲ ಅರ್ಥವಾದೀತು. ಆಸನವನ್ನು ನಾವಾಗಿ ತೆಗೆದುಕೊಳ್ಳುವ ಹಾಗಿಲ್ಲ, ಗುರು ಕೊಡಬೇಕು. ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಯಾರ ಪಾಠ ಅವರದು. ಸೂರ್ಯನಮಸ್ಕಾರದಿಂದ ತೊಡಗಿ ತನಗೆ ಕೊಟ್ಟ ಕೊನೆಯ ಆಸನದವರೆಗೆ ಹೋಗಿ, ಅಲ್ಲಿಗೆ ನಿಲ್ಲಿಸಿ, ಹಿಂದಕ್ಕೆ ಬಾಗಿ, ತಲೆಕೆಳಗಾಗಿ ನಿಂತು, ಮಲಗಿ ಎದ್ದು ಮನೆಗೆ ಹೋಗಬೇಕು. ಪಕ್ಕದವನು ಹತ್ತು ಆಸನ ಮುಂದಿದ್ದರೆ ಇರಲಿ, ನೋಡಬಾರದು. ನಾನಂತೂ ದಿನವೂ ನೋಡಿದೆ.

ನಾನು ಕಲಿಯತೊಡಗಿದ್ದು ಒಂದು ಕೆಟ್ಟ ಕಾಲದಲ್ಲಿ. 2020ರ ಮಾರ್ಚಿಯಲ್ಲಿ ವಿಮಾನಗಳು ನಿಂತವು, ಗೋಕುಲ ಖಾಲಿಯಾಯಿತು. ಮನೆ ಮನೆಯ ಮುಂದೆ 'ಬಾಡಿಗೆಗೆ ಇದೆ' ಎಂಬ ಹಲಗೆ ತೂಗಿತು. ತಂದೆ ಎಳನೀರಿನ ರಾಶಿಯ ಮುಂದೆ ಕುಳಿತು ರಸ್ತೆಯ ಎರಡು ಕೊನೆಯನ್ನೂ ನೋಡುವುದೇ ಕೆಲಸವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ, ನಮ್ಮ ಬೀದಿಯ ಹಿಂದುಗಡೆ ಒಂದು ಮಹಡಿಯಲ್ಲಿ ಯೋಗ ಹೇಳಿಕೊಡುತ್ತಿದ್ದ ಗುರುಗಳು ಎಳನೀರಿಗೆ ಬಂದವರು, "ಶಾಲೆಯೂ ಮುಚ್ಚಿದೆ, ಸುಮ್ಮನೆ ನಿಂತಿದ್ದೀಯಲ್ಲಯ್ಯ. ನನ್ನ ಕೋಣೆಯೂ ಖಾಲಿಯಿದೆ. ಬೆಳಿಗ್ಗೆ ಬಾ" ಎಂದರು. ಅಪ್ಪ ಫೀಜಿನ ಮಾತೆತ್ತಿದಾಗ, "ದಿನಕ್ಕೊಂದು ಎಳನೀರು, ನೀರು ಕಾಯಿ" ಎಂದರು. ಈ ದರ ಇಂದಿಗೂ ಏರಿಲ್ಲ.

ನಾನಾಗ ಹತ್ತನೆಯ ತರಗತಿ. ಮೊದಲ ಸೂರ್ಯನಮಸ್ಕಾರಕ್ಕೆ ಒಂಬತ್ತು ವಿನ್ಯಾಸ, ಎರಡನೆಯದಕ್ಕೆ ಹದಿನೇಳು. ಒಂದೊಂದು ಚಲನೆಗೂ ಒಂದು ಉಸಿರು. ಉಸಿರನ್ನು ಎಣಿಸಿ ಬಿಡಬೇಕೆಂಬುದೇ ನನಗೆ ಹೊಸ ಸುದ್ದಿಯಾಗಿತ್ತು. ಪಶ್ಚಿಮೋತ್ತಾನಾಸನ, ಮಾರೀಚ್ಯಾಸನ, ನಾವಾಸನ, ಕೂರ್ಮಾಸನ ಎಂದು ತಿಂಗಳುಗಳು ಉರುಳಿದವು. ಗರ್ಭಪಿಂಡಾಸನದಲ್ಲಿ ಪದ್ಮಾಸನದ ಸಂದಿಯಲ್ಲಿ ಕೈತೂರಿಸಿ ಮುದ್ದೆಯಂತೆ ಉರುಳುತ್ತ ಒಂಬತ್ತು ಸಲಕ್ಕೆ ಸುತ್ತು ಮುಗಿಸಬೇಕು. ನಾನು ಉರುಳಿ ಉರುಳಿ ಒಮ್ಮೆ ಗುರುಗಳ ಕಾಲಿಗೇ ತಗುಲಿದೆ. "ನಮಸ್ಕಾರ ಮಾಡಿದ್ದು ಸಾಕು, ಹಿಂದಕ್ಕೆ ಉರುಳು" ಎಂದರು. ಶನಿವಾರ ರಜೆ, ಹರಳೆಣ್ಣೆಯ ಅಭ್ಯಂಜನ. ಹುಣ್ಣಿಮೆ ಅಮಾವಾಸ್ಯೆಗಳಲ್ಲೂ ರಜೆ. ಪಂಚಾಂಗ ನೋಡಿ ಸಂತೋಷಪಡುವ ಅಭ್ಯಾಸ ನನಗೆ ಆಗಲೇ ಆದದ್ದು.

ಮೊದಲ ಸರಣಿಯ ಕೊನೆಯ ಸೇತುಬಂಧಾಸನ ಬಂದಮಾತ್ರಕ್ಕೆ ಎರಡನೆಯದು ಸಿಕ್ಕುವುದಿಲ್ಲ. ನಿಂತಲ್ಲಿಂದ ಹಿಂದಕ್ಕೆ ಬಾಗಿ ಅಂಗೈಯನ್ನು ನೆಲಕ್ಕೂರಿ, ಮತ್ತೆ ಯಾರ ನೆರವೂ ಇಲ್ಲದೆ ಎದ್ದು ನಿಲ್ಲಬೇಕು. ಇದೊಂದಕ್ಕೇ ನನಗೆ ಎಂಟು ತಿಂಗಳು ಹಿಡಿಯಿತು. 2023ರ ಮಾರ್ಚಿಯ ಒಂದು ಬೆಳಿಗ್ಗೆ ಮೂರು ಸಲ ಇಳಿದು ಮೂರು ಸಲ ಎದ್ದೆ. ಗುರುಗಳು ಏನೂ ಹೇಳಲಿಲ್ಲ. ಮರುದಿನ ಸೇತುಬಂಧಾಸನ ಮುಗಿಸಿದಾಗ ಹತ್ತಿರ ಬಂದು, "ಪಾಶಾಸನ" ಎಂದು ಒಂದೇ ಮಾತು ಹೇಳಿದರು.

ನಮ್ಮ ಹಿರಿಯರ ಕಾಲದಲ್ಲಿ ಕಾಲೇಜುಗಳಲ್ಲಿ ಇಂಟರ್‌ಮೀಡಿಯೆಟ್ ಎಂಬ ತರಗತಿಯಿತ್ತು, ಪಿ.ಯು.ಸಿ. ಬಂದು ಅದು ಹೋಯಿತು. "ಇಂಟರ್‌ಮೀಡಿಯೆಟ್ ಪಾಸಾದವರು" ಎಂದು ಹೆಸರಿನ ಮುಂದೆ ಹೇಳಿಕೊಳ್ಳುತ್ತಿದ್ದವರ ಗತ್ತನ್ನು ನಮ್ಮ ಇತಿಹಾಸದ ಅಧ್ಯಾಪಕರು ಆಗಾಗ ಅಭಿನಯಿಸಿ ತೋರಿಸುತ್ತಾರೆ. ಆ ಗತ್ತು ನನಗೂ ಬಂದಿತು. ಅದಕ್ಕೆ ಕಾರಣವೂ ಇತ್ತು. ಪಾಶಾಸನವೆಂದರೆ ಕುಕ್ಕರಗಾಲಿನಲ್ಲಿ ಕುಳಿತು, ಮೈಯನ್ನು ತಿರುಚಿ, ಮೊಣಕಾಲುಗಳ ಸುತ್ತ ತೋಳು ಬಳಸಿ ಬೆನ್ನ ಹಿಂದೆ ಕೈ ಹಿಡಿಯುವುದು. ಕುರ್ಚಿಯ ಮೇಲೆ ಬೆಳೆದ ಪರದೇಶೀಯರ ಹಿಮ್ಮಡಿ ನೆಲಕ್ಕೆ ತಾಗಲು ವರ್ಷವಾದರೂ ಬೇಕು. ಕೆಳಗೆ ಕಂಬಳಿ ಮಡಿಚಿ ಇಡುತ್ತಾರೆ. ನನಗೆ ಮೊದಲ ದಿನವೇ ತಾಗಿತು. ಅದರಲ್ಲಿ ನನ್ನ ಸಾಧನೆ ಏನೇನೂ ಇರಲಿಲ್ಲ. ನಮ್ಮ ತಂದೆ ದಿನಕ್ಕೆ ಎಂಟು ಗಂಟೆ ಕುಕ್ಕರಗಾಲಿನಲ್ಲಿಯೇ ಕುಳಿತು ಕಾಯಿ ಕೊಚ್ಚುತ್ತಾರೆ. ಅವರ ಪಕ್ಕದಲ್ಲಿ ನಾನೂ ಹಾಗೆಯೇ ಕುಳಿತು ಬೆಳೆದವನು. ಆದರೆ ಚಪ್ಪಾಳೆ ತನಗೇ ಎಂದು ತಿಳಿಯುವುದು ಹದಿನೆಂಟರ ವಯಸ್ಸಿನ ಗುಣ. ಕ್ರೌಂಚಾಸನ, ಶಲಭಾಸನ, ಭೇಕಾಸನ, ಧನುರಾಸನ, ಉಷ್ಟ್ರಾಸನಗಳನ್ನು ಒಂದರ ಹಿಂದೊಂದು ದಾಟಿದೆ. ಲಘುವಜ್ರಾಸನದಲ್ಲಿ ತೊಡೆ ನಡುಗಿತು, ಅದೂ ಬಂದಿತು. 2023ರ ಡಿಸೆಂಬರಿನಲ್ಲಿ ಗುರುಗಳು, "ಕಪೋತಾಸನ. ನಿಧಾನ" ಎಂದರು. ಮೊದಲನೆಯ ಮಾತು ಮಾತ್ರ ನನಗೆ ಕೇಳಿಸಿತು.

ಕಪೋತಾಸನವನ್ನು ಕಂಡಿರದವರಿಗೆ ಹೇಳಬೇಕು. ಮಂಡಿಯೂರಿ ನಿಂತು, ತೊಡೆಗಳನ್ನು ನೆಟ್ಟಗೆ ಇಟ್ಟುಕೊಂಡು, ಎದೆಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಬಾಗುತ್ತ ಹೋಗಬೇಕು. ತಲೆಯ ಮೇಲಿನಿಂದ ಚಾಚಿದ ಕೈಗಳು ಹಿಂದೆ ಇರುವ ಪಾದಗಳನ್ನು ಹುಡುಕಬೇಕು. ಮೊಣಕೈ ನೆಲಕ್ಕೆ, ನೆತ್ತಿ ಪಾದದ ಕಡೆಗೆ, ಬೆರಳುಗಳಲ್ಲಿ ಹಿಮ್ಮಡಿ. ಹಾಗಿದ್ದು ಐದು ಉಸಿರು. ಬಳಿಕ ಹಿಮ್ಮಡಿ ಬಿಟ್ಟು, ಅಂಗೈಯೂರಿ, ಕೈ ನೇರ ಮಾಡಿ ಮತ್ತೆ ಐದು. ಪಾರಿವಾಳ ಎದೆಯುಬ್ಬಿಸಿದಂತೆ ಕಾಣಬೇಕೆಂಬುದು ಶಾಸ್ತ್ರ. ನಾನು ಮುರಿದ ಕೊಡೆಯಂತೆ ಕಾಣುತ್ತಿದ್ದೆನೆಂದು ಗುರುಗಳ ಮುಖ ನೋಡಿ ತಿಳಿದೆ. ಮುಂದಕ್ಕೆ ಬಾಗುವಾಗ ಮನುಷ್ಯನಿಗೆ ತನ್ನ ಕಾಲು ಕಾಣಿಸುತ್ತದೆ. ಹಿಂದಕ್ಕೆ ಬಾಗುವಾಗ ಏನೂ ಕಾಣುವುದಿಲ್ಲ. ಉಸಿರು ಗಂಟಲಲ್ಲೇ ನಿಂತುಬಿಡುತ್ತದೆ. ನೋವಿಗಿಂತ ಹೆದರಿಕೆ ಹೆಚ್ಚು. ಆ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಅಂಗಡಿಗೆ ಬರುವ ಪರದೇಶೀಯರು ಇದನ್ನೇ ಹೇಳುತ್ತಿದ್ದರೆಂಬುದು ಆಗ ನೆನಪಾಯಿತು. ಯಾವ ಕಾರಣವೂ ಇಲ್ಲದೆ ಅಳು ಬರುತ್ತದೆ ಎಂದು ಒಬ್ಬಾಕೆ ಹೇಳಿದ್ದಳು.

ಗುರುಗಳ ಮಾತಿನಂತೆ ನಡೆದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. 2024ರ ಜನವರಿಯಲ್ಲಿ ಅಂಗಡಿಗೆ ಬಂದ ಒಬ್ಬ ಮಧ್ಯವರ್ತಿ ನನ್ನ ಯೋಗದ ವಿಚಾರ ಕೇಳಿ, ಮಲೆನಾಡಿನ ಕಡೆಯ ಒಂದು ರೆಸಾರ್ಟಿಗೆ ಯೋಗ ಹೇಳಿಕೊಡುವವರು ಬೇಕಾಗಿದ್ದಾರೆ ಎಂದ. ಬೇಸಿಗೆಯ ರಜೆಯಲ್ಲಿ ಬಂದು ಸೇರಬಹುದು. ತಿಂಗಳಿಗೆ 25,000 ರೂಪಾಯಿ, ಊಟ ವಸತಿ ಅವರದೇ. ಒಂದೇ ಕರಾರು: ಎರಡನೆಯ ಸರಣಿಯ ಆಸನಗಳನ್ನು ಮಾಡಿ ತೋರಿಸುವ ಚಿತ್ರಗಳು ಬೇಕು, ಅದರಲ್ಲಿ ಕಪೋತಾಸನ ಇರಲೇಬೇಕು. "ನೋಡೋದಕ್ಕೆ ಚೆನ್ನಾಗಿರ್ಬೇಕಲ್ಲ" ಎಂದ.

ನನ್ನ ತಂಗಿ ಆಗ ಎರಡನೆಯ ಪಿ.ಯು.ಸಿ.ಯಲ್ಲಿದ್ದಳು. ನರ್ಸಿಂಗ್ ಓದಬೇಕೆಂಬುದು ಅವಳ ಆಸೆ. ಮೊದಲ ಕಂತು ಕಟ್ಟಲೆಂದು ಅವ್ವ ಎರಡು ವರ್ಷದಿಂದ ಚೀಟಿಯ ಹಣ ಕೂಡಿಡುತ್ತಿದ್ದಳು. ಅದಕ್ಕೆ ನನ್ನ ಎರಡು ತಿಂಗಳ ಸಂಬಳ ಸೇರಿದರೆ ಎಲ್ಲವೂ ಸಲೀಸು ಎಂದು ಲೆಕ್ಕ ಹಾಕಿದೆ. ಇದನ್ನು ಹೇಳುವಾಗ ನನ್ನ ಆತುರವೆಲ್ಲ ತಂಗಿಗಾಗಿಯೇ ಇತ್ತೆಂದು ಬರೆಯಲು ಲೇಖನಿ ಹವಣಿಸುತ್ತದೆ. ಅದು ಪೂರ್ತಿ ನಿಜವಲ್ಲ. ಅಂಗಡಿಯ ಮುಂದೆ ನಿಂತು, "ನಾನು ಕಪೋತ ದಾಟಿದೆ" ಎಂದು ಪರದೇಶೀಯರಿಗೆ ಹೇಳುವ ಒಂದು ಬೆಳಗನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದೆ.

ಬೆಳಿಗ್ಗೆ ಗುರುಗಳ ಮುಂದೆ ಒಂದು ಸಲ. ಅದು ಸಾಲದೆಂದು ಸಂಜೆ ನಮ್ಮ ವಠಾರದ ತಾರಸಿಯ ಮೇಲೆ ಕದ್ದು ಹತ್ತು ಸಲ. ಬಾಗಬೇಕಾದದ್ದು ಎದೆ, ಬಿಡಿಸಿಕೊಳ್ಳಬೇಕಾದದ್ದು ತೊಡೆಯ ಮುಂಭಾಗ ಮತ್ತು ತೊಡೆಸಂದಿ. ಅವೆರಡೂ ಒಪ್ಪದಿದ್ದಾಗ ಬಡಪಾಯಿ ನಡುವೇ ಅವುಗಳ ಪಾಲಿನ ಕೆಲಸವನ್ನೂ ಹೊತ್ತುಕೊಳ್ಳುತ್ತದೆ. ಇದನ್ನು ಗುರುಗಳು ನೂರು ಸಲ ಹೇಳಿದ್ದರು. ಫೆಬ್ರುವರಿಯ ಒಂದು ಸಂಜೆ ಗೆಳೆಯನೊಬ್ಬನನ್ನು ಕರೆದು, "ನನ್ನ ಕೈ ಹಿಡಿದು ಹಿಮ್ಮಡಿಯ ತನಕ ಎಳೆ, ನಾನು ಕೂಗಿದರೂ ಬಿಡಬೇಡ" ಎಂದೆ. ಅವನು ವಿಧೇಯ, ಎಳೆದ. ಕೈಗೆ ಹಿಮ್ಮಡಿ ಸಿಕ್ಕಿತು. ಅದೇ ಗಳಿಗೆಯಲ್ಲಿ ನಡುವಿನೊಳಗೆ ಕಾಯಿಯ ಚಿಪ್ಪು ಬಿರಿದಂತೆ ಏನೋ ಆಯಿತು. ಗೆಳೆಯ ಮೊಬೈಲಿನಲ್ಲಿ ತೆಗೆದ ಚಿತ್ರ ಇಂದಿಗೂ ನನ್ನಲ್ಲಿದೆ. ಚಿತ್ರ ಚೆನ್ನಾಗಿಯೇ ಬಂದಿದೆ.

ಮರುದಿನ ಮುಂಜಾನೆ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಗೇಜ್ ಆಟೋ ಬಂದಿತು. ಗೊನೆ ಇಳಿಸಲು ಬಗ್ಗಿದವನು ಏಳಲಾರದೆ ಹಾಗೆಯೇ ಮಡಿಚಿಕೊಂಡೆ. ತಂದೆ ಓಡಿಬಂದರು.

"ಯಾಕ್ಲಾ ಮಗ, ಏನಾಯ್ತಲಾ?"

"ಗೊನೆ ಎತ್ತುವಾಗ ಉಳುಕಿತು, ಅಪ್ಪ."

ಈ ನಾಲ್ಕು ಮಾತನ್ನು ಆಡಲು ನನಗೆ ಒಂದು ಉಸಿರೂ ಬೇಕಾಗಲಿಲ್ಲ. ಅದರ ಬೆಲೆ ಎಷ್ಟೆಂಬುದು ಆಮೇಲೆ ತಿಳಿಯುತ್ತ ಹೋಯಿತು. ಎಡಗಾಲಿನ ಕಡೆಗೆ ನೋವು ಹರಿಯತೊಡಗಿದಾಗ ವೈದ್ಯರು ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯ ಕೆಳಗಿನ ಒಂದು ಡಿಸ್ಕ್ ಉಬ್ಬಿ ನರಕ್ಕೆ ತಾಗಿದೆಯೆಂದರು. ಶಸ್ತ್ರಕ್ರಿಯೆ ಬೇಡ, ವಿಶ್ರಾಂತಿ, ಔಷಧ, ಫಿಸಿಯೋಥೆರಪಿ. ಚೀಟಿಯ ಹಣ ಕರಗಿತು. ತಂದೆ ನನ್ನನ್ನು ಗೊನೆಯ ಹತ್ತಿರಕ್ಕೂ ಬಿಡಲಿಲ್ಲ. "ನನ್ ಕಸುಬು ನಿನ್ ಸೊಂಟ ಮುರೀತಲ್ಲಾ" ಎಂದು ಒಂದು ಸಲ ಮಾತ್ರ ಅಂದರು. ಆಮೇಲೆ ಒಬ್ಬರೇ ಗಾಡಿ ಇಳಿಸತೊಡಗಿದರು. ಆ ಬೇಸಿಗೆಯಲ್ಲಿ ತಂಗಿಗೆ ನರ್ಸಿಂಗ್ ಕಾಲೇಜು ಸೇರಲಾಗಲಿಲ್ಲ. ಅವಳು ಪಿ.ಯು.ಸಿ.ಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿ ಬಟ್ಟೆಯಂಗಡಿಯಲ್ಲಿ ಸೀರೆ ಮಡಿಚುವ ಕೆಲಸಕ್ಕೆ ಹೋದಳು. ರಾತ್ರಿ ಬಂದು ಕಾಲು ಚಾಚಿ ಕುಳಿತು, "ಅಣ್ಣ, ನಿನ್ನ ನೋವು ಹೇಗಿದೆ?" ಎಂದು ಕೇಳುತ್ತಿದ್ದಳು.

ಗುರುಗಳಿಗೆ ಸುಳ್ಳು ಹೇಳಲು ಆಗಲಿಲ್ಲ, ಹೇಳಿದ್ದರೂ ನಡೆಯುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಕಾಲೆಳೆಯುತ್ತ ಮಹಡಿಯ ಮೆಟ್ಟಿಲು ಹತ್ತಿ ಹೋದೆ. ಎಲ್ಲವನ್ನೂ ಕೇಳಿಕೊಂಡು, "ಬೆಳಗಿನ ಕಪೋತಾಸನ ನಾನು ಕೊಟ್ಟದ್ದು. ಸಂಜೆಯದನ್ನು ಯಾರಯ್ಯ ಕೊಟ್ಟರು?" ಎಂದರು. ನಾನು ತಲೆ ತಗ್ಗಿಸಿದೆ. "ವೈದ್ಯರು ಒಪ್ಪಿದ ಮೇಲೆ ಬಾ. ಸೂರ್ಯನಮಸ್ಕಾರ ಮೂರು, ಅಷ್ಟೇ. ಬಗ್ಗುವಾಗ ಮೊಣಕಾಲು ಮಡಿಚಿಕೊ" ಎಂದರು. ಆಗಸ್ಟಿನಲ್ಲಿ ಮತ್ತೆ ಚಾಪೆ ಹಾಸಿದೆ. ಹತ್ತು ನಿಮಿಷದಲ್ಲಿ ನನ್ನ ಪಾಠ ಮುಗಿಯುತ್ತಿತ್ತು. ಹಿಂದಿನ ವರ್ಷ ನನ್ನ ಪಾಶಾಸನವನ್ನು ಬಾಯಿಬಿಟ್ಟು ನೋಡುತ್ತಿದ್ದ ಹೊಸಬರು ಈಗ ನನ್ನನ್ನು ದಾಟಿ ಹೋಗುತ್ತಿದ್ದರು. ಅಲ್ಲಿಯವರೆಗೆ ಕೋಣೆಯಲ್ಲಿ ಯಾರು ಎಲ್ಲಿದ್ದಾರೆಂದು ನೋಡುತ್ತಿದ್ದ ನನ್ನ ಕಣ್ಣು ಮೊದಲ ಸಲ ಮೂಗಿನ ತುದಿಯಲ್ಲಿ ನಿಂತಿತು. ನಾಚಿಕೆಯಿಂದ ನಿಂತದ್ದು; ದೃಷ್ಟಿಸಾಧನೆಯೆಂದು ಯಾರೂ ತಿಳಿಯಬಾರದು.

ಆ ನವೆಂಬರಿನಲ್ಲಿ ಶರತ್ ಜೋಯಿಸರು ಅಮೆರಿಕದಲ್ಲಿ ಹಠಾತ್ತನೆ ತೀರಿಕೊಂಡ ಸುದ್ದಿ ಬಂದಿತು. ಅವರಿಗೆ ಐವತ್ತಮೂರು ವರ್ಷ. ಗೋಕುಲದಲ್ಲಿದ್ದ ಪರದೇಶೀಯರು ಆ ದಿನ ಗುಂಪುಗುಂಪಾಗಿ ಬಂದು ಹೊಂಗೆಯ ಕೆಳಗೆ ಸುಮ್ಮನೆ ನಿಂತಿದ್ದರು. ಎಳನೀರನ್ನು ಕೈಯಲ್ಲಿ ಹಿಡಿದಿದ್ದರೇ ಹೊರತು ಕುಡಿಯಲಿಲ್ಲ. ತಂದೆ ಅವರಲ್ಲಿ ಕೆಲವರಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಸಂಜೆ ರಾಶಿಗೆ ಗೋಣಿ ಮುಚ್ಚುವಾಗ, ಏಕೋ ತಡೆಯಲಾರದೆ, ಫೆಬ್ರುವರಿಯ ತಾರಸಿಯ ಸಂಗತಿಯನ್ನು ಅವರಿಗೆ ಹೇಳಿಬಿಟ್ಟೆ. ಗೊನೆಯದು ತಪ್ಪಲ್ಲ, ನಿಮ್ಮ ಕಸುಬಿನದು ತಪ್ಪಲ್ಲ ಎಂದೆ.

ಅವರು ಮಚ್ಚಿನ ಬೆನ್ನಿನಿಂದ ಒಂದು ಕಾಯಿಯನ್ನು ತಟ್ಟಿ ನೋಡಿ, ಪಕ್ಕಕ್ಕಿಟ್ಟು, ಇನ್ನೊಂದನ್ನು ತಟ್ಟಿದರು. ಹೊತ್ತಾದ ಮೇಲೆ ಹೇಳಿದರು:

"ಇದ ನಂಗ್ಯಾಕ್ ಹೇಳ್ತೀಯಲಾ? ನಿನ್ ತಂಗಿಗ್ ಹೇಳೋಗು."

ಹೇಳಿದೆ. ಕಪೋತಾಸನಕ್ಕೆ ಬಾಗುವಾಗ ಆಗುವ ಹೆದರಿಕೆ ಇದರ ಮುಂದೆ ಏನೂ ಅಲ್ಲ. ತಂಗಿ ಕೂಗಾಡಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ತೊಳೆದು ಕವುಚಿಟ್ಟು ಒಳಗೆ ಹೋದಳು. ಹನ್ನೊಂದು ದಿನ ನನ್ನೊಡನೆ ಮಾತಾಡಲಿಲ್ಲ. ಹನ್ನೆರಡನೆಯ ದಿನ, "ಆ ಫೋಟೋ ತೋರಿಸು" ಎಂದಳು. ತೋರಿಸಿದೆ. ಬಹಳ ಹೊತ್ತು ನೋಡಿ, "ಮುಖ ನೋಡು ನಿಂದು" ಎಂದು ಮೊಬೈಲನ್ನು ಹಿಂದಕ್ಕೆ ಕೊಟ್ಟಳು. ಅಲ್ಲಿಯವರೆಗೆ ನಾನು ಆ ಚಿತ್ರದಲ್ಲಿ ಕೈ ಮತ್ತು ಹಿಮ್ಮಡಿಯನ್ನಷ್ಟೇ ನೋಡಿದ್ದೆ.

ಅವಳ ಕಂತಿನ ಹಣಕ್ಕಾಗಿ ನಾನು ಆ ವರ್ಷವೆಲ್ಲ ಸಂಜೆಯ ಹೊತ್ತು ಒಂದು ಔಷಧದಂಗಡಿಯಲ್ಲಿ ಲೆಕ್ಕ ಬರೆದೆ. 2025ರಲ್ಲಿ ಅವಳು ನರ್ಸಿಂಗ್ ಸೇರಿದಳು, ತನ್ನ ಗೆಳತಿಯರಿಗಿಂತ ಒಂದು ವರ್ಷ ಹಿಂದೆ. ಈಗ ಮನೆಗೆ ಬಂದಾಗಲೆಲ್ಲ ನನ್ನನ್ನು ಬೋರಲು ಮಲಗಿಸಿ, ಪುಸ್ತಕ ತೆರೆದಿಟ್ಟುಕೊಂಡು, ಬೆನ್ನಿನ ಗಂಟುಗಳನ್ನು ಬೆರಳಿನಿಂದ ಒತ್ತಿ ಎಣಿಸುತ್ತಾಳೆ. ನಾನು ಅವಳಿಗೆ ಪುಕ್ಕಟೆ ಸಿಕ್ಕಿದ ಮೊದಲ ರೋಗಿ.

ಪಾಶಾಸನವನ್ನು ಗುರುಗಳು ಎರಡನೆಯ ಸಲ ಕೊಟ್ಟದ್ದು ಕಳೆದ ವರ್ಷದ ಯುಗಾದಿಯ ಮರುವಾರ. ಅಲ್ಲಿಂದ ಒಂದೊಂದಾಗಿ ಮತ್ತೆ ಬಂದೆ. ಡಿಸೆಂಬರಿನಲ್ಲಿ ಲಘುವಜ್ರಾಸನ ಮುಗಿಸಿ ನಿಲ್ಲಿಸಲು ಹೊರಟಾಗ ಅವರು ಹತ್ತಿರ ಬಂದು ನಿಂತರು. "ಹಿಮ್ಮಡಿಯ ಯೋಚನೆ ಬೇಡ. ಎದೆ ಎತ್ತು, ಉಸಿರು ಬಿಡು. ಉಸಿರು ನಿಂತರೆ ನೀನೂ ನಿಲ್ಲು" ಎಂದರು. ಬಾಗಿದೆ. ಉಸಿರು ಗಂಟಲಿಗೆ ಬಂದಲ್ಲಿಗೆ ನಿಂತೆ. ಅಂದು ನನ್ನ ಕೈಗೆ ನೆಲವಷ್ಟೇ ಸಿಕ್ಕಿತು. ಸಂಕ್ರಾಂತಿಯ ವೇಳೆಗೆ ಕಾಲ್ಬೆರಳ ತುದಿ ಸಿಕ್ಕಿತು.

ಕಳೆದ ಭಾನುವಾರ ತಂಗಿ ಮಹಡಿಗೆ ಬಂದಿದ್ದಳು. ನಾನು ಬಾಗಿದಾಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ನನ್ನ ಕೈಬೆರಳಿಗೂ ಹಿಮ್ಮಡಿಗೂ ನಡುವೆ ತನ್ನ ಬೆರಳುಗಳನ್ನು ಅಡ್ಡಲಾಗಿ ಇಟ್ಟು ಅಳೆದಳಂತೆ. ನಾನು ಎದ್ದು ಕುಳಿತ ಮೇಲೆ ಹೇಳಿದಳು: "ಆರು ಬೆರಳು ಬಾಕಿ." ಗುರುಗಳು ನಕ್ಕು, ಆ ದಿನದ ಎಳನೀರನ್ನು ಅವಳಿಗೆ ಕೊಟ್ಟರು.